ಅಂಧರ ಬಾಳಿಗೆ ದಾರಿಯಾದ ಪಂಚಾಕ್ಷರಿ ಗವಾಯಿ

ಹೊಸೂರು: ಅಂಧ ಮಕ್ಕಳಿಗೆ ಊಟ, ವಸತಿ, ವಿದ್ಯೆ ಮೂರನ್ನೂ ಕೊಟ್ಟು ಅವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸಿದವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಫೆ. 2 ಅವರ ಜನ್ಮದಿನ. ಗದಗ, ಹಾವೇರಿ ಕಡೆ ಮನೆಮಾತಾದ ಈ ಹೆಸರು ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಭಾಗದ ಕನ್ನಡಿಗರಲ್ಲಿ ಅನೇಕರಿಗೆ ಗೊತ್ತಾಗಿದ್ದು 1995ರ ಸಿನಿಮಾದಿಂದ. ಆ ಚಿತ್ರದ ಸಂಗೀತಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ರಾಷ್ಟ್ರ ಪ್ರಶಸ್ತಿ ಪಡೆದರು. ಆದರೆ ಗವಾಯಿಗಳ ಬದುಕು ಹಾಡಿಗಷ್ಟೇ ಸೀಮಿತವಲ್ಲ.

ಹುಟ್ಟು ಕುರುಡು

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನನ. ಮೊದಲ ಹೆಸರು ಗದಿಗೆಯ್ಯ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಸಹೋದರ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಬಡವರ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು ಅಂದ್ರೆ ಆ ಕಾಲದಲ್ಲಿ ಭಿಕ್ಷೆಯೇ ಗತಿ ಎಂಬ ಸ್ಥಿತಿ. ಭಾರತೀಯ ಭಾಷೆಗಳಿಗೆಲ್ಲ ಒಪ್ಪುವ ಬ್ರೈಲ್ ಲಿಪಿ ಬಂದದ್ದೇ 1951ರಲ್ಲಿ.

ಇವರ ಕಂಠ ಗುರುತಿಸಿ ಕೈಹಿಡಿದವರು ಹಾನಗಲ್ ಕುಮಾರ ಸ್ವಾಮಿಗಳು. 1909ರಲ್ಲಿ ಬಾದಾಮಿ ಬಳಿ ಶಿವಯೋಗ ಮಂದಿರ ಕಟ್ಟಿದವರು ಇವರೇ. ಬಾಲಕನಿಗೆ ಅನ್ನ ಹಾಕಿದ್ದಲ್ಲದೆ ವಿದ್ಯೆಯ ಖರ್ಚನ್ನೂ ಹೊತ್ತರು. ಗವಾಯಿಗಳು ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತರು. ಬಳಿಕ ಮರಾಠಿ ನಾಡಿನಲ್ಲೂ ದೊಡ್ಡ ಹೆಸರಾಗಿದ್ದ ನೀಲಕಂಠಬುವಾ ಮಿರಜಕರ ಬಳಿ ಹಿಂದೂಸ್ತಾನಿ ಕಲಿತು ಎರಡೂ ಪದ್ಧತಿಯಲ್ಲಿ ಪಳಗಿದರು.

ಊರೂರು ತಿರುಗಿದ ಶಾಲೆ

ಕಲಿತ ವಿದ್ಯೆಯಿಂದ ತಾವೊಬ್ಬರೇ ಸುಖವಾಗಿ ಬದುಕಬಹುದಿತ್ತು. ಹಾಗೆ ಮಾಡದೆ ಅಂಧರು, ಅನಾಥರನ್ನು ಸೇರಿಸಿಕೊಂಡು ಸಂಗೀತ ಶಾಲೆ ನಡೆಸಿದರು. ಶಾಲೆಗೆ ಕಟ್ಟಡ ಇರಲಿಲ್ಲ. ಶಿಷ್ಯರ ದಂಡು ಕಟ್ಟಿಕೊಂಡು ಊರಿಂದೂರಿಗೆ ಹೋಗೋದು, ಮಠದಲ್ಲೋ ಭಕ್ತರ ಮನೆಯಲ್ಲೋ ಇಳಿಯೋದು, ಅಲ್ಲೇ ಪಾಠ. ಹತ್ತಾರು ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೂ ಕಟ್ಟಿದರು. ಹಾಡು, ಹಾರ್ಮೋನಿಯಂ, ತಬಲಾ ಕಲಿತವರಿಗೆ ಅದರಲ್ಲೇ ಹೊಟ್ಟೆಪಾಡಿನ ದಾರಿ ಸಿಕ್ಕಿತು.

ಕಣ್ಣಿದ್ದವರು, ಇಲ್ಲದವರು ಇಲ್ಲಿ ಒಟ್ಟಿಗೇ ಕಲಿತರು. ಮುಂದೆ ದೇಶಕ್ಕೇ ಹೆಸರಾದ ಬಸವರಾಜ ರಾಜಗುರು ಇವರ ಶಿಷ್ಯರು.

1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದ ಮೇಲೂ ಗವಾಯಿಗಳು ಶಾಲೆ ನಿಲ್ಲಿಸಲಿಲ್ಲ. ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದಕ್ಕೆ ಕಾಯಂ ನೆಲೆ ಸಿಕ್ಕಿತು. 1944ರ ಜೂನ್ 11ರಂದು ಗವಾಯಿಗಳು ತೀರಿಕೊಂಡಾಗ ವಯಸ್ಸು 52. ಹೊಣೆ ಹೊತ್ತವರು ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳು. 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷ ಸೆ. 17ರಂದು ನಿಧನರಾಗುವ ತನಕ, ಅಂದರೆ 66 ವರ್ಷ, ಆಶ್ರಮ ನಡೆಸಿದರು.

ಇಂದು ಬೇಕಾದ್ದೇನು?

ಗವಾಯಿಗಳ ಕಾಲದಲ್ಲಿ ಕಾನೂನಿನ ಬಲ ಇರಲಿಲ್ಲ. ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 21 ಬಗೆಯ ವೈಕಲ್ಯಕ್ಕೆ ಮಾನ್ಯತೆ, ಸರ್ಕಾರಿ ನೌಕರಿಯಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲಾತಿ ಇದೆ. ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ನಾಮನಿರ್ದೇಶನ ಮಾಡಲು 2025ರಲ್ಲಿ ತಮಿಳುನಾಡು ಕಾಯ್ದೆ ತಿದ್ದಿತು.

ಆದರೆ ಸೌಲಭ್ಯ ಮನೆ ಬಾಗಿಲಿಗೆ ಬರಬೇಕಲ್ಲ? ಜಿಲ್ಲಾ ಕಚೇರಿ ಇರುವ ಕೃಷ್ಣಗಿರಿ ಹೊಸೂರಿನಿಂದಲೇ ಸುಮಾರು 50 ಕಿ.ಮೀ. ತಳಿ ಕಡೆಯ ಹಳ್ಳಿಗಳಿಗೆ ಇನ್ನೂ ದೂರ. ಕಣ್ಣು ಕಾಣದವರು ಹೋಗಬೇಕಾದ್ರೆ ಜೊತೆಗೊಬ್ಬರು ಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ತಮಿಳು ಓದಲು ಬಾರದ ಕನ್ನಡದ ಹಿರಿಯರಿಗೆ ಅರ್ಜಿ ತುಂಬೋದೇ ಕಷ್ಟ. ಗುರುತಿನ ಚೀಟಿ ಶಿಬಿರ ಹೋಬಳಿ ಮಟ್ಟದಲ್ಲೇ ನಡೆಯಲಿ, ಅರ್ಜಿಯ ವಿವರ ಕನ್ನಡದಲ್ಲೂ ಸಿಗಲಿ. ಮಕ್ಕಳಿದ್ದ ಕಡೆಗೇ ಶಾಲೆ ಒಯ್ದವರು ಗವಾಯಿಗಳು. ಬಸ್ಸು, ವಾಹನ ಎಲ್ಲಾ ಇರುವ ಈ ಕಾಲದಲ್ಲಿ ಇಲಾಖೆಗೆ ಅದು ಅಸಾಧ್ಯವೇನಲ್ಲ.