ಕುರಿ ಕಾಯೋ ನಾಯಿಗೆ ಸ್ಪೆಕ್ ಬರೆದ ಕ್ಯಾಪ್ಟನ್

ಜರ್ಮನ್ ಶೆಫರ್ಡ್ ಗೊತ್ತಿಲ್ಲದವರು ನಮ್ಮ ಕ್ಯಾಂಪಸ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ಪೊಲೀಸ್ ಡಾಗ್ ಸ್ಕ್ವಾಡ್‌ನಲ್ಲೋ ಸಿನಿಮಾದಲ್ಲೋ ನೋಡಿಯೇ ಇರ್ತೀರಿ. ನಮ್ಮ ಅಜ್ಜ-ಅಜ್ಜಿಯರ ಕಾಲದವರು ಇದನ್ನೇ ಆಲ್ಸೇಷಿಯನ್ ಅಂತಾರೆ. ಬಹಳ ಹಳೆಯ ತಳಿ ಇರಬೇಕು ಅಂತ ನಾವು ಅಂದ್ಕೋತೀವಿ. ಆದರೆ ಇದಕ್ಕೆ ಸರಿಯಾಗಿ ಒಂದು ಶುರುವಿನ ದಿನಾಂಕ ಇದೆ, ಒಬ್ಬ ಡಿಸೈನರ್ ಕೂಡ ಇದ್ದಾರೆ. ಅವರ ಹೆಸರು ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್.

ಸ್ಟೆಫಾನಿಟ್ಸ್ ಹುಟ್ಟಿದ್ದು 1864ರ ಡಿಸೆಂಬರ್ 30ರಂದು, ಡ್ರೆಸ್ಡನ್ ನಗರದಲ್ಲಿ. ಸೇನೆ ಸೇರಿ ಕುದುರೆ ದಳದ ಅಧಿಕಾರಿಯಾದರು. ಮಧ್ಯೆ ಸ್ವಲ್ಪ ಕಾಲ ಬರ್ಲಿನ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡಿದರು. ಪ್ರಾಣಿಯ ಮೂಳೆ ಹೇಗೆ ಜೋಡಣೆಯಾಗಿದೆ, ಅದು ಓಡುವಾಗ ಯಾವ ಕೀಲು ಎಷ್ಟು ಭಾರ ತಗೊಳ್ಳುತ್ತೆ ಅನ್ನೋದನ್ನೆಲ್ಲ ಅಲ್ಲಿ ಕಲಿತರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಅವರ ಮೆಕ್ಯಾನಿಕ್ಸ್ ಕೋರ್ಸ್!

ಆಗಿನ ಜರ್ಮನಿಯಲ್ಲಿ ಕುರಿ ಕಾಯೋ ನಾಯಿಗಳಿಗೆ ಒಂದೇ ರೂಪ ಇರಲಿಲ್ಲ. ಥುರಿಂಗಿಯಾ ಪ್ರದೇಶದ ನಾಯಿಗಳು ಚಿಕ್ಕವು, ನೆಟ್ಟಗಿನ ಕಿವಿ, ತೋಳದಂಥ ಬೂದು ಬಣ್ಣ. ವ್ಯೂರ್ಟೆಂಬರ್ಗ್ ಕಡೆಯವು ದೊಡ್ಡವು, ಗಟ್ಟಿಮುಟ್ಟು. ಕುರುಬರಿಗೆ ನಾಯಿಯ ಬಣ್ಣ ಮುಖ್ಯ ಆಗಿರಲಿಲ್ಲ, ಮಂದೆ ಚದುರದ ಹಾಗೆ ನೋಡ್ಕೊಂಡ್ರೆ ಸಾಕಿತ್ತು. 1891ರಲ್ಲಿ ಫೈಲಾಕ್ಸ್ ಅನ್ನೋ ಸಂಘ ಇವನ್ನೆಲ್ಲ ಸೇರಿಸಿ ಒಂದು ತಳಿ ಮಾಡಲು ಹೊರಟಿತು. ನಾಯಿ ಕೆಲಸಕ್ಕಾ, ಚೆಂದಕ್ಕಾ ಅನ್ನೋ ಜಗಳದಲ್ಲಿ ಕೆಲವೇ ವರ್ಷಗಳಲ್ಲಿ ಆ ಸಂಘ ಮುಚ್ಚಿಹೋಯ್ತು.

ಸ್ಟೆಫಾನಿಟ್ಸ್ ಈ ಜಗಳದಲ್ಲಿ ಪೂರ್ತಿ ಕೆಲಸದ ಪರ. 1899ರ ಏಪ್ರಿಲ್ 3ರಂದು ಗೆಳೆಯ ಆರ್ಥರ್ ಮೇಯರ್ ಜೊತೆ ಕಾರ್ಲ್ಸ್‌ರೂ ಊರಿನ ಡಾಗ್ ಶೋಗೆ ಹೋದರು. ಅಲ್ಲಿ ಹೆಕ್ಟರ್ ಲಿಂಕ್ಸ್‌ರೈನ್ ಅನ್ನೋ ನಾಯಿ ಕಣ್ಣಿಗೆ ಬಿತ್ತು. ಮಧ್ಯಮ ಗಾತ್ರ, ಬಿಗಿಯಾದ ಮೈಕಟ್ಟು, ಚುರುಕು ಬುದ್ಧಿ. ಮನಸ್ಸಲ್ಲಿದ್ದ ಡ್ರಾಯಿಂಗ್ ಎದುರಿಗೇ ಬಂದು ನಿಂತ ಹಾಗೆ! ಅಲ್ಲೇ ಅದನ್ನು ಕೊಂಡು, ತಮ್ಮ ಎಸ್ಟೇಟ್ ಇದ್ದ ಗ್ರಾಫ್ರಾತ್ ಊರಿನ ಹೆಸರು ಸೇರಿಸಿ ಹೊರಾಂಡ್ ಫಾನ್ ಗ್ರಾಫ್ರಾತ್ ಅಂತ ಕರೆದರು. ಅದೇ ತಿಂಗಳ 22ರಂದು ಜರ್ಮನ್ ಶೆಫರ್ಡ್ ಸಂಘ ಶುರುವಾಯ್ತು. ಸ್ಟೆಫಾನಿಟ್ಸ್ ಅದರ ಮೊದಲ ಅಧ್ಯಕ್ಷ. ಸಂಘದ ತಳಿ ಪುಸ್ತಕದಲ್ಲಿ ಎಂಟ್ರಿ ನಂಬರ್ 1 ಹೊರಾಂಡ್.

ಆ ತಳಿ ಪುಸ್ತಕವನ್ನು ಒಂದು ಡೇಟಾಬೇಸ್ ಅಂದ್ಕೊಳ್ಳಿ. ಪ್ರತಿ ನಾಯಿಗೂ ನಂಬರ್, ತಂದೆ ಯಾರು, ತಾಯಿ ಯಾರು, ಎಲ್ಲ ದಾಖಲೆ. ಜೊತೆಗೆ ಒಂದು ಸ್ಪೆಕ್ ಕೂಡ ಇತ್ತು. ಅದರ ಸಾರ ಎರಡೇ: ನಾಯಿ ಉಪಯೋಗಕ್ಕೆ ಬರಬೇಕು, ಬುದ್ಧಿ ಇರಬೇಕು. ರೂಪ ಅನ್ನೋದು ಕೆಲಸದಿಂದ ತಾನಾಗೇ ಬರಬೇಕು. ಇದನ್ನು ಪರೀಕ್ಷೆ ಮಾಡೋಕೆ ಕುರಿ ಕಾಯೋ ಸ್ಪರ್ಧೆಗಳನ್ನೂ ಇಟ್ಟರು.

ಆದರೆ ತಳಿಯನ್ನು ಬೇಗ ಒಂದೇ ರೂಪಕ್ಕೆ ತರೋಕೆ ಅವರು ಹಿಡಿದ ದಾರಿ ಒಳಸಂಬಂಧದ ಬ್ರೀಡಿಂಗ್. ಹೊರಾಂಡ್‌ನ ಮಗ ಹೆಕ್ಟರ್ ಫಾನ್ ಶ್ವಾಬೆನ್‌ಗೆ ಹೊರಾಂಡ್‌ನದೇ ಇನ್ನೊಂದು ಮರಿಯನ್ನು ಜೋಡಿ ಮಾಡಿದರು. ಅದರಿಂದ ಬಂದ ಬೇಯೊವುಲ್ಫ್ ಮುಂದಿನ ಎಷ್ಟೋ ನಾಯಿಗಳ ಪೂರ್ವಜ ಆಯ್ತು. ಒಳ್ಳೆ ಗುಣಗಳು ಬೇಗ ಗಟ್ಟಿಯಾದವು ನಿಜ. ಆದರೆ ಒಂದೇ ಕೋಡನ್ನು ಎಲ್ಲ ಕಡೆ ಕಾಪಿ ಮಾಡಿದ್ರೆ ಅದರೊಳಗಿನ ಬಗ್ ಕೂಡ ಎಲ್ಲ ಕಡೆ ಹೋಗುತ್ತೆ ಅಲ್ವಾ?

ಇನ್ನೊಂದು ಕಡೆ ದೇಶ ಬದಲಾಗ್ತಿತ್ತು. ಕಾರ್ಖಾನೆಗಳು ಬಂದವು, ಕುರಿ ಮಂದೆಗಳು ಕಮ್ಮಿಯಾದವು. ಕೆಲಸವೇ ಇಲ್ಲದಿದ್ರೆ ಕೆಲಸದ ನಾಯಿ ಎಲ್ಲಿ ಉಳಿಯುತ್ತೆ? ಸ್ಟೆಫಾನಿಟ್ಸ್ ಪೊಲೀಸ್ ಮತ್ತು ಸೇನೆಯವರ ಬಾಗಿಲು ತಟ್ಟಿದರು. ಮೊದಲ ಮಹಾಯುದ್ಧದಲ್ಲಿ ಈ ನಾಯಿಗಳು ಸಂದೇಶ ಒಯ್ದವು, ಗಾಯಗೊಂಡು ಬಿದ್ದವರನ್ನು ಹುಡುಕಿದವು. ಆ ಯುದ್ಧದಲ್ಲಿ ದೃಷ್ಟಿ ಕಳ್ಕೊಂಡ ಸೈನಿಕರಿಗಾಗಿ 1916ರಲ್ಲಿ ಓಲ್ಡನ್‌ಬರ್ಗ್‌ನಲ್ಲಿ ಡಾಕ್ಟರ್ ಗೆರ್ಹಾರ್ಡ್ ಸ್ಟಾಲಿಂಗ್ ಶುರು ಮಾಡಿದ ದಾರಿ ತೋರುವ ನಾಯಿಗಳ ಶಾಲೆಯಲ್ಲೂ ಜರ್ಮನ್ ಶೆಫರ್ಡ್‌ಗಳಿದ್ದವು. ಬ್ರಿಟನ್‌ನಲ್ಲಿ ಮಾತ್ರ ಜರ್ಮನಿ ಮೇಲಿನ ಸಿಟ್ಟಿಗೆ ನಾಯಿಯ ಹೆಸರೇ ಆಲ್ಸೇಷಿಯನ್ ಆಯ್ತು. ಅಜ್ಜ-ಅಜ್ಜಿಯರ ಬಾಯಲ್ಲಿರೋ ಹೆಸರು ಬಂದಿದ್ದು ಹೀಗೆ.

ಯುದ್ಧದ ನಂತರ ತಳಿಗೆ ಸಿಕ್ಕಾಪಟ್ಟೆ ಬೇಡಿಕೆ. ದುಡ್ಡಿಗಾಗಿ ಮರಿ ಹಾಕಿಸೋರು ಹೆಚ್ಚಾದರು. ನಾಯಿಗಳು ತುಂಬಾ ಎತ್ತರ, ಚೌಕಾಕಾರ ಆಗ್ತಾ ಹೋದವು. ಸ್ವಭಾವವೂ ಕೆಡ್ತಾ ಬಂತು. 1925ರ ಶೋನಲ್ಲಿ ಸ್ಟೆಫಾನಿಟ್ಸ್ ಕ್ಲೋಡೊ ಫಾನ್ ಬಾಕ್ಸ್‌ಬರ್ಗ್ ಅನ್ನೋ ಕುಳ್ಳಗಿನ, ಉದ್ದ ಮೈಯ ನಾಯಿಗೆ ಪಟ್ಟ ಕೊಟ್ಟರು. ತಳಿಯ ದಿಕ್ಕನ್ನೇ ತಿರುಗಿಸೋ ತೀರ್ಪು ಅದು. ಆದ್ರೆ ಈ ತಿದ್ದುಪಡಿಯೂ ಮತ್ತೆ ಕೆಲವೇ ನಾಯಿಗಳ ರಕ್ತದ ಮೇಲೆ ನಿಂತಿತು.

ಅವರನ್ನು ಬರೀ ಹೊಗಳಿ ಮುಗಿಸೋಕೆ ಆಗಲ್ಲ. ತಳಿ ಶುದ್ಧತೆಯ ಮಾತು ಆಗ ಯೂರೋಪಿನಲ್ಲಿ ನಾಯಿಗಳಿಗೆ ಮಾತ್ರ ನಿಂತಿರಲಿಲ್ಲ, ಮನುಷ್ಯರಿಗೂ ಹಚ್ಚುತ್ತಿದ್ದರು. ಸ್ಟೆಫಾನಿಟ್ಸ್ ಬರಹವೂ ಆ ವಿಷದಿಂದ ಹೊರತಲ್ಲ. ನಾಯಿಯಲ್ಲೇ ಅರ್ಧ ಸತ್ಯವಾಗಿದ್ದ ಲೆಕ್ಕವನ್ನು ಮನುಷ್ಯರ ಮೇಲೆ ಹಾಕಿದಾಗ ಏನಾಯ್ತು ಅಂತ ಮುಂದೆ ಜಗತ್ತೇ ನೋಡಿತು. ನಾಜಿ ಶಿಬಿರಗಳ ಕಾವಲಿಗೂ ಇದೇ ನಾಯಿಗಳನ್ನು ಬಳಸಿದರು. ಅಷ್ಟರಲ್ಲಿ ಅವರದೇ ಸಂಘ ಅವರ ಕೈ ತಪ್ಪಿತ್ತು. ಸಂಘದೊಳಗಿನ ನಾಜಿಗಳ ಒತ್ತಡ ತಡೆಯಲಾಗದೆ 1935ರಲ್ಲಿ, 36 ವರ್ಷ ನಡೆಸಿದ ಮೇಲೆ, ಬಿಟ್ಟು ಹೊರಬಂದರು. ಮರುವರ್ಷ ಏಪ್ರಿಲ್ 22ರಂದು ತೀರಿಕೊಂಡರು. ಸಂಘ ಹುಟ್ಟಿದ್ದೂ ಅದೇ ತಾರೀಖು.

ಇವತ್ತು ಕೆಲವು ಶೋ ನಾಯಿಗಳ ಬೆನ್ನು ಹಿಂದಕ್ಕೆ ಇಳಿಜಾರಾಗಿರುತ್ತೆ, ಸೊಂಟದ ಕೀಲಿನ ಕಾಯಿಲೆ ಈ ತಳಿಯಲ್ಲಿ ಸಾಮಾನ್ಯ. ಕೆಲಸ ಮೊದಲು ಅಂದಿದ್ದ ಸ್ಪೆಕ್ ಪಕ್ಕಕ್ಕೆ ಹೋಗಿ ರೂಪ ಮಾತ್ರ ಉಳಿದಾಗ ಹೀಗಾಗುತ್ತೆ. ಇನ್ನೊಂದು ಕಡೆ, ವಾಸನೆ ಹಿಡಿದು ಬಾಂಬ್ ಹುಡುಕೋ ಪೊಲೀಸ್ ನಾಯಿಗಳಲ್ಲಿ ಅವರ ಸ್ಪೆಕ್ ಇನ್ನೂ ಓಡ್ತಾನೇ ಇದೆ. ಮುಂದೆ ಕೆಲಸ ಸಿಕ್ಕಿದ ಮೇಲೆ ನಿಮ್ಮಲ್ಲಿ ಯಾರಾದ್ರೂ ಮರಿ ತಗೊಳ್ಳೋಕೆ ಹೋದ್ರೆ ಸರ್ಟಿಫಿಕೇಟ್ ಒಂದನ್ನೇ ನೋಡಿ ಬರಬೇಡಿ. ಮರಿಯ ತಂದೆ-ತಾಯಿ ಹೇಗೆ ನಡೀತವೆ ನೋಡಿ, ಅವುಗಳ ಸೊಂಟದ ಎಕ್ಸ್-ರೇ ಇದ್ಯಾ ಅಂತ ಕೇಳಿ.