ಜಪಾನ್ ನೋಡಿಬಂದ ಮುದ್ದೇನಹಳ್ಳಿಯವರು

ಸೆಪ್ಟೆಂಬರ್ 15 ಬಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, ಕನ್ನಂಬಾಡಿ ಕಟ್ಟೆಯ ಬಗ್ಗೆ ಭಾಷಣ ಮಾಡುತ್ತೇವೆ. ಅವರು 1898ರಲ್ಲಿ ಜಪಾನಿಗೆ ಹೋಗಿದ್ದ ವಿಷಯ ಆ ಭಾಷಣಗಳಲ್ಲಿ ಬರುವುದು ಕಡಿಮೆ.

ನಮ್ಮ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ತಂದೆ ಶ್ರೀನಿವಾಸ ಶಾಸ್ತ್ರಿಗಳನ್ನು ಕಳೆದುಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಕಲಿತು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ನೌಕರಿಗೆ ಸೇರಿದರು.

ಆಗ ಹೊರಗಿನವರು ಜಪಾನಿನ ಜನರನ್ನು ಅರಿಯುತ್ತಿದ್ದುದು ಹೆಚ್ಚಾಗಿ ಯುರೋಪಿನವರ ಸಚಿತ್ರ ಪ್ರವಾಸ ಗ್ರಂಥಗಳಿಂದ. ಸ್ವಿಸ್ ರಾಯಭಾರಿ ಏಮೆ ಹಂಬರ್ಟ್ 1870ರಲ್ಲಿ ನೂರಾರು ಚಿತ್ರಗಳ ಪುಸ್ತಕ ತಂದ. ಅದರ ಚಿತ್ರ ಬರೆದವರು ಫ್ರಾನ್ಸಿನ ಕಲಾವಿದರು. ಫೋಟೋಗಳನ್ನೂ ಜಪಾನೀ ಮುದ್ರಣಗಳನ್ನೂ ಮುಂದಿಟ್ಟುಕೊಂಡು ದೂರದ ಜನರನ್ನು ಚಿತ್ರಿಸಿದರು. 1878ರಲ್ಲಿ ಜಪಾನಿನ ಒಳನಾಡು ಸುತ್ತಿದ ಇಸಬೆಲ್ಲಾ ಬರ್ಡ್ ಹಳ್ಳಿಗಳ ಬಡತನ, ಚರ್ಮರೋಗ, ಚಿಗಟದ ಕಾಟ ಎಲ್ಲವನ್ನೂ ಬರೆದರು. ಆದರೂ ಇಂಥ ಪುಸ್ತಕಗಳಿಂದ ಓದುಗರ ಮನಸ್ಸಿನಲ್ಲಿ ನಿಂತದ್ದು ಕಿಮೋನೊ, ಬೀಸಣಿಗೆ, ರಿಕ್ಷಾ. ನಮ್ಮನ್ನೂ ಹೀಗೆಯೇ ಆನೆ, ಫಕೀರ, ಹಾವಾಡಿಗರಲ್ಲಿ ಮುಗಿಸಿದವರು ಬಹಳ ಮಂದಿ.

ವಿಶ್ವೇಶ್ವರಯ್ಯನವರು ರಜೆ ಹಾಕಿ ಹೋಗಿ ಸುಮಾರು ಮೂರು ತಿಂಗಳು ಅಲ್ಲಿದ್ದರು. ಅವರು ಗಮನಿಸಿದ್ದು ಶಾಲೆ ಮತ್ತು ಕಾರ್ಖಾನೆ. ಜಪಾನ್ 1872ರಲ್ಲೇ ಎಲ್ಲ ಮಕ್ಕಳ ಶಿಕ್ಷಣಕ್ಕೆ ಆಜ್ಞೆ ಹೊರಡಿಸಿತ್ತು. 1912ರಲ್ಲಿ ಮೈಸೂರಿನ ದಿವಾನರಾದಾಗ ಅವರು ಆ ನೋಟವನ್ನು ಮರೆತಿರಲಿಲ್ಲ. ಮರುವರ್ಷವೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ರೇಷ್ಮೆ ಉದ್ಯಮ ಸುಧಾರಿಸಲು ಇಟಲಿ, ಜಪಾನ್‌ಗಳ ತಜ್ಞರ ನೆರವು ಪಡೆದರು.

ದಿವಾನಗಿರಿ ಬಿಟ್ಟ ಮೇಲೆ ಮತ್ತೆ ಜಪಾನಿಗೆ ಹೋದರು. 1920ರಲ್ಲಿ ಹೊರಬಂದ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಪುಸ್ತಕದಲ್ಲಿ ಭಾರತವನ್ನು ಜಪಾನ್, ಕೆನಡಾ, ಬ್ರಿಟನ್ ಜೊತೆ ಹೋಲಿಸಿದರು. ಅಲ್ಲಿ ಜಪಾನ್ ಅಂಕಿಅಂಶಗಳ ರೂಪದಲ್ಲಿ ಬರುತ್ತದೆ. ನಿಜ ಹೇಳಬೇಕೆಂದರೆ, ಓದುವಾಗ ಜಪಾನೀಯನೊಬ್ಬನ ಮುಖ ಕಾಣಬೇಕೆನಿಸುತ್ತದೆ; ಆ ಮಟ್ಟಿಗೆ ಬರ್ಡ್ ಅವರ ಬರಹವೇ ಸೊಗಸು. ಆದರೆ ಆ ಜನರನ್ನು ವಿಚಿತ್ರ ವಸ್ತುವಿನಂತೆ ನೋಡದೆ, ಅವರಿಂದ ಕಲಿಯಲು ಹೋದವರು ನಮ್ಮೂರಿನವರು.

ನೂರು ವರ್ಷ ದಾಟಿ ಬಾಳಿ, 1962ರ ಏಪ್ರಿಲ್ 14ರಂದು ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ. ಶಿಡ್ಲಘಟ್ಟ ಕಡೆಯಿಂದ ಬರುವ ವಿದ್ಯಾರ್ಥಿಗಳಲ್ಲಿ ಮನೆಯಲ್ಲಿ ರೇಷ್ಮೆಹುಳು ಸಾಕುವವರಿದ್ದೀರಿ. ಈ ಜಪಾನ್ ಕಥೆಯನ್ನು ಮನೆಯವರಿಗೂ ಹೇಳಿ.