ಎಂಜಿನ್‌ನ ಬಿಸಿಗೆ ದಾರಿ ತೋರಿಸಿದ ಅನಾಥ ಹುಡುಗ: ವಿಲ್ಹೆಲ್ಮ್ ಮೈಬಾಖ್ ಮತ್ತು ಜೇನುಗೂಡು ರೇಡಿಯೇಟರ್

ಬೇಸಿಗೆ ಶುರುವಾದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಗಾಡಿ ಹೀಟ್ ಆಗುವ ಬಗ್ಗೆ ಸಲಹೆಗಳು ಓಡಾಡತೊಡಗುತ್ತವೆ. ಎಂಜಿನ್ ಬಿಸಿಯಾದ ಕೂಡಲೇ ರೇಡಿಯೇಟರ್ ಮುಚ್ಚಳ ತೆಗೆದು ನೀರು ಸುರಿಯಿರಿ ಎನ್ನುತ್ತದೆ ಒಂದು ಸಂದೇಶ. ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ, ಕಿತ್ತುಹಾಕಿಸಿ ಎನ್ನುತ್ತದೆ ಇನ್ನೊಂದು. ಕೂಲೆಂಟ್ ಎಂಬುದು ಕಂಪನಿಗಳು ದುಡ್ಡು ಮಾಡುವ ದಾರಿ, ನಲ್ಲಿ ನೀರೇ ಸಾಕು ಎನ್ನುತ್ತದೆ ಮತ್ತೊಂದು. ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಘಾಟಿ ಏರುವ ಓಮ್ನಿ, ಈಕೋದಂಥ ವ್ಯಾನ್‌ಗಳಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೇ. ಹಾಗಾಗಿ ಅಂಥ ಗಾಡಿ ಇರುವವರು ಈ ಸಂದೇಶಗಳನ್ನು ಬೇಗ ನಂಬುತ್ತಾರೆ.

ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಒಂದೊಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ಏಕೆ ಎಂಬುದು ತಿಳಿಯಬೇಕಾದರೆ 1929ರಲ್ಲಿ ತೀರಿಕೊಂಡ ಒಬ್ಬ ಜರ್ಮನ್ ಎಂಜಿನಿಯರ್‌ನ ಬದುಕನ್ನು ನೋಡಬೇಕು. ಹೆಸರು ವಿಲ್ಹೆಲ್ಮ್ ಮೈಬಾಖ್. ಸಿನಿಮಾ ನಟರು, ಉದ್ಯಮಿಗಳು ಓಡಿಸುವ ದುಬಾರಿ ಕಾರಿನಿಂದಾಗಿ ನಾವು ಮೇಬ್ಯಾಕ್ ಎಂದು ಕರೆಯುವ ಅದೇ ಹೆಸರು.

ಹತ್ತು ವರ್ಷಕ್ಕೇ ತಬ್ಬಲಿ

ಮೈಬಾಖ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್ ಊರಿನಲ್ಲಿ. ತಂದೆ ಬಡಗಿ. ಎಂಟು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು, ಹತ್ತು ವರ್ಷವಾಗಿದ್ದಾಗ ತಂದೆಯೂ ಹೋದರು. ಹುಡುಗನನ್ನು ಯಾರಾದರೂ ನೋಡಿಕೊಳ್ಳಬಹುದೇ ಎಂದು ಪತ್ರಿಕೆಯಲ್ಲಿ ಮನವಿ ಪ್ರಕಟವಾಯಿತು. ಅದನ್ನು ಕಂಡು ಅವನನ್ನು ಸೇರಿಸಿಕೊಂಡದ್ದು ರಾಯ್ಟ್‌ಲಿಂಗೆನ್ ಊರಿನಲ್ಲಿ ಗುಸ್ತಾವ್ ವೆರ್ನರ್ ಎಂಬ ಪಾದ್ರಿ ನಡೆಸುತ್ತಿದ್ದ ಅನಾಥಾಲಯ.

ಆ ಆಶ್ರಮಕ್ಕೆ ತನ್ನದೇ ಯಂತ್ರ ಕಾರ್ಖಾನೆ ಇತ್ತು. ಮಕ್ಕಳು ಅಲ್ಲಿ ಕೆಲಸ ಕಲಿಯುತ್ತಿದ್ದರು. ಚಿತ್ರ ಬಿಡಿಸುವುದರಲ್ಲಿ ಹುಡುಗನ ಕೈ ಚೆನ್ನಾಗಿತ್ತು. ಆದ್ದರಿಂದ ಅವನನ್ನು ಯಂತ್ರಗಳ ನಕ್ಷೆ ಬರೆಯುವ ವಿಭಾಗಕ್ಕೆ ಹಾಕಿದರು. 1860ರ ದಶಕದಲ್ಲಿ ಆ ಕಾರ್ಖಾನೆಗೆ ಮೇಲ್ವಿಚಾರಕರಾಗಿ ಬಂದವರು ಗಾಟ್ಲೀಬ್ ಡೈಮ್ಲರ್. ಮೈಬಾಖ್‌ಗಿಂತ ಹನ್ನೆರಡು ವರ್ಷ ದೊಡ್ಡವರು. ಹುಡುಗನ ಪ್ರತಿಭೆ ಅವರ ಕಣ್ಣಿಗೆ ಬಿತ್ತು. ಮುಂದೆ ಡೈಮ್ಲರ್ ಯಾವ ಕಂಪನಿಗೆ ಹೋದರೂ ಮೈಬಾಖ್ ಜೊತೆಗೆ ಹೋದರು. ಮೊದಲು ಕಾರ್ಲ್ಸ್‌ರೂ, ಆಮೇಲೆ ಕಲೋನ್ ಪಕ್ಕದ ಡಾಯ್ಟ್ಸ್ ಎಂಜಿನ್ ಕಾರ್ಖಾನೆ. ನಿಕೋಲಾಸ್ ಆಟೋ 1876ರಲ್ಲಿ ರೂಪಿಸಿದ ನಾಲ್ಕು ಸ್ಟ್ರೋಕ್ ಎಂಜಿನ್ ಅನ್ನು ಕಾರ್ಖಾನೆಯಲ್ಲಿ ತಯಾರಿಸಲು ಯೋಗ್ಯವಾಗುವಂತೆ ತಿದ್ದಿದ್ದು ಇದೇ ಮೈಬಾಖ್.

ಗಾಜಿನ ಮನೆಯಲ್ಲಿ ಹುಟ್ಟಿದ ಎಂಜಿನ್

1882ರಲ್ಲಿ ಡೈಮ್ಲರ್ ಡಾಯ್ಟ್ಸ್ ಬಿಟ್ಟು ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಮನೆ ಕೊಂಡರು. ಮೈಬಾಖ್ ಕೂಡ ಅಲ್ಲಿಗೇ ಬಂದರು. ತೋಟದಲ್ಲಿ ಗಿಡಗಳಿಗೆಂದು ಇದ್ದ ಗಾಜಿನ ಮನೆಯೇ ಇಬ್ಬರ ವರ್ಕ್‌ಶಾಪ್ ಆಯಿತು. ಹಗಲು ರಾತ್ರಿ ಬಾಗಿಲು ಹಾಕಿಕೊಂಡು ಕುಟ್ಟುವ ಸದ್ದು ಕೇಳಿ, ಒಳಗೆ ಖೋಟಾ ನಾಣ್ಯ ತಯಾರಿಸುತ್ತಿದ್ದಾರೆಂದು ತೋಟದ ಮಾಲಿ ಪೊಲೀಸರಿಗೆ ದೂರು ಕೊಟ್ಟನಂತೆ. ಪೊಲೀಸರು ಬಂದು ನೋಡಿದರೆ ಸಿಕ್ಕಿದ್ದು ಎಂಜಿನ್‌ಗಳು ಮಾತ್ರ ಎಂಬ ಕಥೆ ಇಂದಿಗೂ ಆ ಊರಿನಲ್ಲಿ ಪ್ರಚಲಿತ.

ಆಗಿನ ಆಟೋ ಎಂಜಿನ್ ನಿಮಿಷಕ್ಕೆ 200 ಸುತ್ತನ್ನೂ ತಿರುಗುತ್ತಿರಲಿಲ್ಲ. ಗಾತ್ರವೂ ಭಾರಿ. ಈ ಇಬ್ಬರೂ 1883ರಲ್ಲಿ ಮಾಡಿದ ಎಂಜಿನ್ ಚಿಕ್ಕದಾಗಿತ್ತು, ನಿಮಿಷಕ್ಕೆ ಸುಮಾರು 600 ಸುತ್ತು ತಿರುಗುತ್ತಿತ್ತು. 1885ರಲ್ಲಿ ಇಂಥ ಎಂಜಿನ್ ಅನ್ನು ಮರದ ದ್ವಿಚಕ್ರ ವಾಹನಕ್ಕೆ ಕೂರಿಸಿದರು, 1886ರಲ್ಲಿ ಕುದುರೆ ಗಾಡಿಗೆ. ಪೇಟೆಂಟ್‌ಗಳು ಹೆಚ್ಚಾಗಿ ಡೈಮ್ಲರ್ ಹೆಸರಿನಲ್ಲಿ ಆದವು. ಹಾಗಾಗಿ ಶಾಲೆಯ ಪಾಠಗಳಲ್ಲಿ ಡೈಮ್ಲರ್ ಹೆಸರು ಉಳಿಯಿತು, ನಕ್ಷೆ ಬರೆದವರ ಹೆಸರು ಹಿಂದೆ ಬಿತ್ತು.

ಬಿಸಿಯನ್ನು ಎಲ್ಲಿಗೆ ಕಳಿಸುವುದು?

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಎಂಜಿನ್ ಒಳಗೆ ಪೆಟ್ರೋಲ್ ಉರಿಯುವಾಗ ಅನಿಲದ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಂದಿನ ಎಂಜಿನ್‌ಗಳಲ್ಲಿ ಬಳಸುವ ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೇ ಕರಗುತ್ತದೆ. ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸರಿಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದದ್ದರಲ್ಲಿ ಒಂದಷ್ಟು ಸೈಲೆನ್ಸರ್ ಮೂಲಕ ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದಷ್ಟು ಎಂಜಿನ್‌ನ ಲೋಹಕ್ಕೆ ಇಳಿಯುತ್ತದೆ. ಅದನ್ನು ಹೊರಗೆ ಸಾಗಿಸದಿದ್ದರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ.

ಅರ್ಧ ಅಶ್ವಶಕ್ತಿಯ ಎಂಜಿನ್‌ಗೆ ಗಾಳಿಯೇ ಸಾಕಿತ್ತು. ಶಕ್ತಿ ಹೆಚ್ಚಿದಂತೆ ನೀರು ಬೇಕಾಯಿತು. ಆದರೆ ಆ ಕಾಲದ ಗಾಡಿಗಳಲ್ಲಿ ನೀರು ಕುದಿದು ಆವಿಯಾಗಿ ಹಾರಿಹೋಗುತ್ತಿತ್ತು. 1888ರಲ್ಲಿ ಬೆರ್ಥಾ ಬೆಂಜ್ ತನ್ನ ಗಂಡ ಕಾರ್ಲ್ ಬೆಂಜ್ ಮಾಡಿದ ಕಾರಿನಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ಹೋದಾಗ ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ತುಂಬಿಸಬೇಕಾಯಿತು.

ಮೈಬಾಖ್ ಹುಡುಕಿದ್ದು ಅದೇ ನೀರನ್ನು ತಣಿಸಿ ಮತ್ತೆ ಬಳಸುವ ದಾರಿ. 1889ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ತೋರಿಸಿದ ಉಕ್ಕಿನ ಚಕ್ರಗಳ ಕಾರಿನಲ್ಲಿ ಅವರು ಚಾಸಿಯ ಟೊಳ್ಳು ಪೈಪುಗಳ ಒಳಗೇ ನೀರು ಹರಿಸಿದರು. ಗಾಡಿಯನ್ನು ಹೊತ್ತ ಚೌಕಟ್ಟೇ ನೀರನ್ನೂ ತಣಿಸಿತು. ಆಮೇಲೆ ತಿರುಗುವ ಫ್ಲೈವ್ಹೀಲ್‌ನ ಅಂಚಿನಲ್ಲಿ ನೀರು ಹರಿಸಿ ನೋಡಿದರು. 1897ರಲ್ಲಿ ಸಣ್ಣ ಕೊಳವೆಗಳ ರೇಡಿಯೇಟರ್ ಮಾಡಿ ಜೊತೆಗೆ ಫ್ಯಾನ್ ಇಟ್ಟರು. ಪ್ರತಿ ಸಲವೂ ಒಂದಿಷ್ಟು ಸುಧಾರಣೆ ಆಯಿತು. ಆದರೂ ಎಂಜಿನ್‌ನ ಶಕ್ತಿ ಹೆಚ್ಚಿಸಿದಾಗಲೆಲ್ಲ ಬಿಸಿಯ ಸಮಸ್ಯೆ ಮತ್ತೆ ಎದುರಾಗುತ್ತಿತ್ತು. ಡೈಮ್ಲರ್ ಕಂಪನಿಯ ಫೀನಿಕ್ಸ್ ಕಾರು 18 ಲೀಟರ್ ನೀರು ಹೊತ್ತು ಓಡಬೇಕಿತ್ತು.

8070 ಕೊಳವೆಗಳು

1900ರ ಮಾರ್ಚ್‌ನಲ್ಲಿ ಎರಡು ಸಾವುಗಳಾದವು. 6ರಂದು ಡೈಮ್ಲರ್ ತೀರಿಕೊಂಡರು. ಅದೇ ತಿಂಗಳ ಕೊನೆಗೆ ಫ್ರಾನ್ಸ್‌ನ ನೀಸ್ ಬಳಿ ಬೆಟ್ಟ ಏರುವ ಪಂದ್ಯದಲ್ಲಿ ಡೈಮ್ಲರ್ ಕಾರು ಅಪಘಾತಕ್ಕೀಡಾಗಿ ಚಾಲಕ ವಿಲ್ಹೆಲ್ಮ್ ಬಾವರ್ ಸತ್ತರು. ಆ ಕಾರು ಎತ್ತರವಾಗಿತ್ತು, ಮುಂಭಾಗ ಭಾರವಾಗಿತ್ತು. ಕಂಪನಿಯ ದೊಡ್ಡ ಗಿರಾಕಿ ಎಮಿಲ್ ಯೆಲಿನೆಕ್ ಹೊಸ ಕಾರು ಬೇಕೆಂದರು. ಅದು ತಗ್ಗಾಗಿ, ಹಗುರವಾಗಿ, ಹೆಚ್ಚು ಶಕ್ತಿಯದಾಗಿ ಇರಬೇಕು, ಹೆಸರು ತನ್ನ ಮಗಳದ್ದೇ ಇರಬೇಕು. ಆ ಮಗಳ ಹೆಸರು ಮರ್ಸಿಡಿಸ್. ಒಟ್ಟಿಗೇ 36 ಕಾರುಗಳಿಗೆ ಆರ್ಡರ್ ಕೊಟ್ಟರು.

ಹೆಚ್ಚು ಶಕ್ತಿ ಎಂದರೆ ಹೆಚ್ಚು ಬಿಸಿ. ಹಗುರ ಎಂದರೆ ಕಡಿಮೆ ನೀರು. ಎರಡೂ ಒಟ್ಟಿಗೆ ಆಗಬೇಕಾದರೆ ಏನು ಮಾಡಬೇಕು?

ಚಿತ್ರಾನ್ನಕ್ಕೆ ಅನ್ನ ಆರಿಸುವುದು ಹೇಗೆಂದು ನೆನಪಿಸಿಕೊಳ್ಳಿ. ಪಾತ್ರೆಯಲ್ಲೇ ಬಿಟ್ಟರೆ ತಾಸು ಕಳೆದರೂ ನಡುವೆ ಬಿಸಿ ಇರುತ್ತದೆ. ಅಗಲವಾದ ತಟ್ಟೆಯಲ್ಲಿ ಹರವಿ ಫ್ಯಾನ್ ಕೆಳಗಿಟ್ಟರೆ ಐದೇ ನಿಮಿಷ. ಅನ್ನ ಅಷ್ಟೇ ಇದೆ, ಗಾಳಿ ತಾಗುವ ಮೈ ಮಾತ್ರ ಹೆಚ್ಚಾಗಿದೆ. ಮೈಬಾಖ್ ಮಾಡಿದ್ದೂ ಇದನ್ನೇ. 6 ಮಿಲಿಮೀಟರ್ ಚೌಕದ 8070 ಪುಟ್ಟ ಕೊಳವೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಬೆಸುಗೆ ಹಾಕಿಸಿದರು. ಕೊಳವೆಗಳ ಒಳಗೆ ಗಾಳಿ, ಅವುಗಳ ನಡುವಿನ ಕಿರಿದಾದ ಸಂದಿಗಳಲ್ಲಿ ನೀರು. ಹಿಂದೆ ಒಂದು ಸಣ್ಣ ಫ್ಯಾನ್. ಅದರಿಂದಾಗಿ ಗಾಡಿ ನಿಧಾನವಾಗಿ ಹೋಗುವಾಗಲೂ ಗಾಳಿ ಹರಿಯುತ್ತಿತ್ತು. ನೋಡಲು ಜೇನುಗೂಡಿನಂತೆ ಇದ್ದುದರಿಂದ ಆ ಹೆಸರೇ ನಿಂತಿತು. 18 ಲೀಟರ್ ಬದಲು 9 ಲೀಟರ್ ನೀರು ಸಾಕಾಯಿತು, ಅದೂ 35 ಅಶ್ವಶಕ್ತಿಯ ಎಂಜಿನ್‌ಗೆ.

ಮೊದಲ ಕಾರು 1900ರ ಡಿಸೆಂಬರ್‌ನಲ್ಲಿ ಯೆಲಿನೆಕ್ ಕೈ ಸೇರಿತು. 1901ರ ಮಾರ್ಚ್‌ನಲ್ಲಿ ನೀಸ್ ಪಂದ್ಯಗಳಲ್ಲಿ ಅದರ ಎದುರು ಉಳಿದ ಕಾರುಗಳು ನಿಲ್ಲಲಿಲ್ಲ. ಕುದುರೆ ಇಲ್ಲದ ಕುದುರೆ ಗಾಡಿಯಂತೆ ಕಾಣುತ್ತಿದ್ದ ವಾಹನ ಅಲ್ಲಿಂದಾಚೆಗೆ ಇಂದಿನ ಕಾರಿನ ರೂಪ ಪಡೆಯಿತು. ಫ್ರೆಂಚರು ಮೈಬಾಖ್‌ರನ್ನು ವಿನ್ಯಾಸಕಾರರ ರಾಜ ಎಂದು ಕರೆದರು.

ಕಂಪನಿ ಮಾತ್ರ ಹಾಗೆ ನಡೆಸಿಕೊಳ್ಳಲಿಲ್ಲ. ಡೈಮ್ಲರ್ ಹೋದ ಮೇಲೆ ಅವರನ್ನು ಕ್ರಮೇಣ ಬದಿಗೆ ಸರಿಸಲಾಯಿತು. 1907ರಲ್ಲಿ, 61ನೇ ವಯಸ್ಸಿನಲ್ಲಿ, ಅವರು ಹೊರಬಂದರು. 1908ರಲ್ಲಿ ಕೌಂಟ್ ಜೆಪ್ಪೆಲಿನ್‌ರ ವಾಯುನೌಕೆ ನೆಲಕ್ಕಿಳಿದಿದ್ದಾಗ ಬಿರುಗಾಳಿಗೆ ಸಿಕ್ಕಿ ಸುಟ್ಟುಹೋಯಿತು. ಅದಕ್ಕೆ ಉತ್ತಮ ಎಂಜಿನ್ ಮಾಡಿಕೊಡುವ ಪ್ರಸ್ತಾವ ಮುಂದಿಟ್ಟರು. ಮರುವರ್ಷ ಕಂಪನಿ ಶುರುವಾಯಿತು, ಮಗ ಕಾರ್ಲ್ ಅದರ ತಾಂತ್ರಿಕ ಮುಖ್ಯಸ್ಥನಾದ. 1916ರಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯ ಅನಾಥಾಲಯದ ಆ ಹಳೆಯ ಹುಡುಗನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1929ರ ಡಿಸೆಂಬರ್ 29ರಂದು ಅವರು ತೀರಿಕೊಂಡರು. ಕಾನ್‌ಸ್ಟಾಟ್‌ನಲ್ಲಿ ಡೈಮ್ಲರ್ ಸಮಾಧಿ ಇರುವ ಸ್ಮಶಾನದಲ್ಲೇ ಅವರದ್ದೂ ಇದೆ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ತಿದ್ದಿಬಿಡೋಣ. ಮೇಬ್ಯಾಕ್ ಐಷಾರಾಮಿ ಕಾರುಗಳನ್ನು ಶುರುಮಾಡಿದ್ದು ವಿಲ್ಹೆಲ್ಮ್ ಅಲ್ಲ, ಮಗ ಕಾರ್ಲ್. ಮೊದಲ ಕಾರನ್ನು ತೋರಿಸಿದ್ದು 1921ರಲ್ಲಿ. ಅಪ್ಪನ ನಿಜವಾದ ಆಸ್ತಿ ನಿಮ್ಮ ವ್ಯಾನ್‌ನ ಮುಂಭಾಗದಲ್ಲಿ, ಧೂಳು ಹಿಡಿದ ಜಾಲರಿಯ ಹಿಂದೆ ಇದೆ.

ಈಗ ಫಾರ್ವರ್ಡ್‌ಗಳಿಗೆ ಬರೋಣ

ಬಿಸಿಯಾದ ಕೂಡಲೇ ಮುಚ್ಚಳ ತೆಗೆಯಿರಿ: ತಪ್ಪು, ಅಪಾಯಕಾರಿ. ಮೈಬಾಖ್ ನಂತರದ ಎಂಜಿನಿಯರ್‌ಗಳು ಈ ವ್ಯವಸ್ಥೆಯನ್ನು ಒತ್ತಡದ ಮುಚ್ಚಳ ಹಾಕಿ ಬಿಗಿ ಮಾಡಿದರು. ಹೊರಗಿನ ಗಾಳಿಗಿಂತ ಒಂದು ಬಾರ್ ಹೆಚ್ಚು ಒತ್ತಡವಿದ್ದರೆ ಒಳಗಿನ ನೀರು 100ರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಇದು ಪ್ರೆಶರ್ ಕುಕ್ಕರ್‌ನಂತೆಯೇ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದು, ನೀರು ಒಮ್ಮೆಗೇ ಕುದಿದು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ರೇಡಿಯೇಟರ್ ಪೈಪ್ ಮುಟ್ಟಲಾಗುವಷ್ಟು ಆರಿದ ಮೇಲೆಯೇ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

ಥರ್ಮೋಸ್ಟಾಟ್ ಕಿತ್ತುಹಾಕಿ: ತಪ್ಪು. ಎಂಜಿನ್ ತಣ್ಣಗಿರುವಾಗ ಅದು ರೇಡಿಯೇಟರ್‌ನ ದಾರಿ ಮುಚ್ಚಿಟ್ಟು, ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಹೊತ್ತಿಗೆ ತೆರೆಯುತ್ತದೆ. ಸೆಕೆಯಲ್ಲಿ ಅದು ಹೇಗೂ ತೆರೆದೇ ಇರುತ್ತದೆ. ತೆಗೆದುಹಾಕಿದರೆ ಎಂಜಿನ್ ಸರಿಯಾದ ತಾಪಕ್ಕೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚುತ್ತದೆ. ಅದು ಕೆಟ್ಟು ಮುಚ್ಚಿಕೊಂಡಿದ್ದರೆ ಹೊಸದು ಹಾಕಿಸಿ.

ನಲ್ಲಿ ನೀರೇ ಸಾಕು: ದಾರಿಯಲ್ಲಿ ಸಿಕ್ಕಿಕೊಂಡಾಗ ಮಾತ್ರ ಸರಿ. ಗಡಸು ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಪೊರೆ ರೇಡಿಯೇಟರ್‌ನ ಕಿರಿದಾದ ದಾರಿಗಳಲ್ಲೂ ಕಟ್ಟುತ್ತದೆ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಕುದಿಯುವ ತಾಪವನ್ನು ಏರಿಸುತ್ತದೆ, ಅದರಲ್ಲಿನ ಇತರ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಗಾಡಿಯ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿಸಿ, ಹೇಳಿದ ಅವಧಿಗೆ ಬದಲಿಸಿ. ಒಂದು ಎಚ್ಚರಿಕೆ: ಅದು ವಿಷ, ಆದರೆ ರುಚಿ ಸಿಹಿ. ಮಕ್ಕಳಿಗೆ, ನಾಯಿಗಳಿಗೆ ಸಿಗದಂತೆ ಇಡಿ, ನೆಲಕ್ಕೆ ಚೆಲ್ಲಿದರೆ ತೊಳೆಯಿರಿ.

ಹೀಟ್ ಮುಳ್ಳು ಏರಿದಾಗ ಹೀಟರ್ ಹಾಕಿ: ತಮಾಷೆ ಎನಿಸಿದರೂ ನಿಜ. ಹೀಟರ್ ಒಳಗೆ ಇರುವುದು ಇನ್ನೊಂದು ಪುಟ್ಟ ರೇಡಿಯೇಟರ್. ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿದರೆ ಬದಿಗೆ ನಿಲ್ಲಿಸಲು ಜಾಗ ಸಿಗುವವರೆಗೆ ಸ್ವಲ್ಪ ಸಮಯ ಸಿಗಬಹುದು. ಮುಳ್ಳು ಕೆಂಪು ಗೆರೆ ಮುಟ್ಟಿದ್ದರೆ ಮಾತ್ರ ಮುಂದೆ ಓಡಿಸಲೇಬೇಡಿ.

ಘಾಟಿಗೆ ಹೊರಡುವ ಮುನ್ನ ಎರಡು ನಿಮಿಷ ಸಾಕು. ಎಂಜಿನ್ ತಣ್ಣಗಿರುವಾಗ ರಿಸರ್ವ್ ಡಬ್ಬಿಯಲ್ಲಿ ಕೂಲೆಂಟ್ ಮಟ್ಟ ನೋಡಿ. ಪೈಪುಗಳು ಉಬ್ಬಿವೆಯೇ, ಗಾಡಿಯ ಕೆಳಗೆ ಹನಿ ಬಿದ್ದಿದೆಯೇ ನೋಡಿ. ರೇಡಿಯೇಟರ್ ಮುಂದೆ ಕೆಸರು, ಹುಳ, ಎಲೆ ಅಂಟಿದ್ದರೆ ತೊಳೆಸಿ. ಗಾಳಿಯ ದಾರಿ ಮುಚ್ಚಿಹೋದರೆ ಒಳಗೆ ಎಷ್ಟೇ ಒಳ್ಳೆಯ ಕೂಲೆಂಟ್ ಇದ್ದರೂ ಬಿಸಿ ಹೊರಹೋಗುವುದಿಲ್ಲ. ಮುಂದಿನ ಸಲ ಮುಚ್ಚಳ ತೆಗೆಯಿರಿ ಎನ್ನುವ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಇದನ್ನು ಕಳಿಸಿ. ಯಾರದ್ದಾದರೂ ಮುಖ ಸುಡುವುದು ತಪ್ಪೀತು.